ಐವಿ ಜೆರೇನಿಯಂ: ಎಲೆ ಅಡಿಯಲ್ಲಿ ಗುಳ್ಳೆ, ಹೂ ಕಮ್ಮಿ, ದಂಟು ಬೋಳು. ಏನು ಮಾಡಬೇಕು?

ಬಾಲ್ಕನಿಬಳ್ಳಿ:
ಇಳಿಬೀಳುವ ಜಾತಿಯ ಐವಿ ಜೆರೇನಿಯಂ ಬೆಳೆಸಿ ಗೊತ್ತಿರುವವರು ಸ್ವಲ್ಪ ಸಹಾಯ ಮಾಡಿ. ಬಾಲ್ಕನಿ ಕಂಬಿಗೆ ಸಿಕ್ಕಿಸಿದ ಉದ್ದ ಕುಂಡಗಳಲ್ಲಿ ಇದೆ, ಒಂದು ತೂಗು ಕುಂಡದಲ್ಲೂ ಇದೆ. ತಂದ ಹೊಸದರಲ್ಲಿ ಹೂವಿನ ಮಧ್ಯೆ ಎಲೆಯೇ ಕಾಣುತ್ತಿರಲಿಲ್ಲ. ಈಗ ನೋಡಿದರೆ ಹಳೇ ಎಲೆಗಳ ಅಡಿಯಲ್ಲಿ ಕಂದು ಬಣ್ಣದ ಒರಟು ಗುಳ್ಳೆಗಳು, ಬೆರಳಾಡಿಸಿದರೆ ಬಿರಡೆ ಮುಟ್ಟಿದ ಹಾಗೆ ಇದೆ. ಕೆಲವು ಎಲೆ ಹಳದಿಯಾಗಿ ಉದುರುತ್ತಿವೆ. ದಂಟು ಉದ್ದ ಬೆಳೆದು ಬುಡದಲ್ಲಿ ಬೋಳಾಗಿದೆ, ತುದಿಯಲ್ಲಿ ಮಾತ್ರ ನಾಲ್ಕು ಎಲೆ. ಹೂ ಅಂತೂ ಅಲ್ಲೊಂದು ಇಲ್ಲೊಂದು. ಕೆಲವು ದಿನಗಳಿಂದ ಮೋಡ ಕವಿದೇ ಇದೆ, ಆದರೂ ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕುತ್ತಿದ್ದೇನೆ. ಇದು ರೋಗವಾ? ಔಷಧಿ ಹೊಡೆಯಬೇಕಾ?

ಸೋಂಬೇರಿತೋಟ:
ಬೇವಿನೆಣ್ಣೆ ಹೊಡೆಯಿರಿ. ನಾನು ಎಲ್ಲದಕ್ಕೂ ಅದನ್ನೇ ಹೊಡೆಯುವುದು.

ನುಸಿಬೇಟೆ:
ಸುಮ್ನೆ ಎಣ್ಣೆ ಹೊಡೆಸಬೇಡಿ, ಮೊದಲು ಏನು ಅಂತ ನೋಡೋಣ. ಬಳ್ಳಿ ಅವರೇ, ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಗುಳ್ಳೆ ಇರುವ ಎಲೆಯನ್ನು ಅದರ ಮೇಲೆ ಹಿಡಿದು ಎರಡು ಸಲ ತಟ್ಟಿ. ಉದುರಿದ ಚುಕ್ಕೆಗಳು ನಡೆದಾಡಿದರೆ ಅದು ಜೇಡನುಸಿ. ನುಸಿ ಇದ್ದರೆ ಎಲೆಯ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಹಳದಿ ಚುಕ್ಕೆ ಕಾಣುತ್ತವೆ, ಜಾಸ್ತಿಯಾದರೆ ಎಲೆ ಮತ್ತು ತೊಟ್ಟಿನ ಸಂದಿಯಲ್ಲಿ ತೆಳು ಬಲೆ ಇರುತ್ತದೆ. ಇನ್ನೊಂದು ವಿಷಯ, ಜೇಡನುಸಿಗೆ ಒಣ ಸೆಕೆ ಇಷ್ಟ. ನೀವು ಹೇಳುತ್ತಿರುವುದು ಮೋಡ, ತೇವ. ಹಾಗಾಗಿ ನನಗೆ ನುಸಿ ಅಂತ ಅನ್ನಿಸುತ್ತಿಲ್ಲ, ಆದರೂ ತಟ್ಟಿ ನೋಡಿ.

ಬಾಲ್ಕನಿಬಳ್ಳಿ:
ತಟ್ಟಿ ನೋಡಿದೆ. ಒಂದಿಷ್ಟು ಧೂಳು ಬಿತ್ತು ಅಷ್ಟೇ, ಏನೂ ಓಡಾಡಲಿಲ್ಲ. ಬಲೆಯೂ ಇಲ್ಲ. ಎಲೆಯ ಮೇಲ್ಭಾಗ ಹೆಚ್ಚುಕಮ್ಮಿ ಚೆನ್ನಾಗಿಯೇ ಇದೆ.

ಹಳೇಕುಂಡ:
ಹಾಗಾದರೆ ಇದು ಎಡಿಮಾ. ರೋಗವೇ ಅಲ್ಲ, ಒಂದು ಗಿಡದಿಂದ ಇನ್ನೊಂದಕ್ಕೆ ಹರಡುವುದೂ ಇಲ್ಲ. ಐವಿ ಜೆರೇನಿಯಂ ಬೆಳೆಸುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ನೋಡೇ ನೋಡುತ್ತಾರೆ. ಆಗುವುದು ಹೀಗೆ: ಮಣ್ಣು ಬೆಚ್ಚಗೆ ಒದ್ದೆಯಾಗಿರುತ್ತದೆ, ಬೇರು ನೀರು ಎಳೆಯುತ್ತಲೇ ಇರುತ್ತದೆ. ಆದರೆ ಗಾಳಿಯಲ್ಲಿ ತೇವ ಜಾಸ್ತಿ, ಬಿಸಿಲಿಲ್ಲ, ಗಾಳಿ ಆಡುತ್ತಿಲ್ಲ ಅಂದರೆ ಎಲೆಯಿಂದ ನೀರು ಆವಿಯಾಗಿ ಹೋಗುವುದಿಲ್ಲ. ಒಳಗೆ ಒತ್ತಡ ಜಾಸ್ತಿಯಾಗಿ ಎಲೆ ಅಡಿಯ ಜೀವಕೋಶಗಳು ಊದಿಕೊಂಡು ಒಡೆಯುತ್ತವೆ. ಮೊದಲು ನೀರುಗುಳ್ಳೆ, ಆಮೇಲೆ ಒಣಗಿ ಕಂದು ಬಣ್ಣದ ಒರಟು ಕಲೆ. ಗಿಡ ತನ್ನ ಗಾಯವನ್ನು ಹೀಗೆ ಮುಚ್ಚಿಕೊಳ್ಳುತ್ತದೆ.

ಆದ ಗುಳ್ಳೆ ಮತ್ತೆ ಮಾಯುವುದಿಲ್ಲ. ಅದಕ್ಕೆ ಅಂತ ಎಲೆಗಳನ್ನೆಲ್ಲ ಕಿತ್ತು ಹಾಕಬೇಡಿ, ಎಲೆ ಕಮ್ಮಿಯಾದಷ್ಟೂ ನೀರು ಹೊರಹೋಗುವ ದಾರಿ ಕಮ್ಮಿ. ಪೂರ್ತಿ ಹಳದಿಯಾದವು ಮಾತ್ರ ತೆಗೆಯಿರಿ. ಹೊಸ ಎಲೆಯ ಅಡಿಭಾಗ ನೋಡುತ್ತಿರಿ. ಅಲ್ಲಿ ಗುಳ್ಳೆ ಬರದಿದ್ದರೆ ಸರಿದಾರಿಯಲ್ಲಿದ್ದೀರಿ ಅಂತ ಲೆಕ್ಕ.

ಮೊದಲ ಕೆಲಸ, ಸಂಜೆ ನೀರು ನಿಲ್ಲಿಸಿ. ಮೋಡದ ದಿನ ರಾತ್ರಿಯಿಡೀ ಬೇರು ಒದ್ದೆಯಲ್ಲಿ ಕೂರುತ್ತದೆ, ಅದೇ ಈ ಗುಳ್ಳೆಗೆ ಮೂಲ.

ಸೋಂಬೇರಿತೋಟ:
ಒಪ್ಪಿದೆ, ಎಣ್ಣೆ ವಾಪಸ್ :)

ಕಿಟಕಿಗಿಡ:
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಜೆರೇನಿಯಂ ಅಂದರೆ ಮಣ್ಣು ಪೂರ್ತಿ ಒಣಗಿದ ಮೇಲೇ ನೀರು. ನಾನು ನೆಟ್ಟಗೆ ಬೆಳೆಯುವ ಜೆರೇನಿಯಂಗಳನ್ನು ಹಾಗೇ ಸಾಕುತ್ತಿದ್ದೇನೆ. ಎಲೆ ಸ್ವಲ್ಪ ಜೋತುಬಿದ್ದ ಮೇಲೆ ನೀರು ಕೊಡುತ್ತೇನೆ, ಹೂವಿಗೇನೂ ಕೊರತೆಯಿಲ್ಲ.

ಹಳೇಕುಂಡ:
ನೆಟ್ಟಗಿನ ಜಾತಿಗೆ ಅದು ನಡೆಯುತ್ತದೆ. ಐವಿಗೆ ಅಷ್ಟು ಒಣಗಿಸಿದರೆ ಬುಡದ ಎಲೆ ಹಳದಿಯಾಗಿ ಉದುರುತ್ತದೆ, ಮೊಗ್ಗು ಅರಳದೆ ಒಣಗುತ್ತದೆ. ಅದಕ್ಕಿಂತ ಕೆಟ್ಟದ್ದು, ಒಣಗಿಸಿ ಒಣಗಿಸಿ ಒಮ್ಮೆಲೇ ಬಕೆಟ್ ಸುರಿಯುವುದು. ಆಗಲೂ ಎಡಿಮಾ ಬರುತ್ತದೆ. ಮೇಲಿನ ಮಣ್ಣು ಒಂದೆರಡು ಸೆಂಟಿಮೀಟರ್ ಒಣಗಿದಾಗ ಅಡಿಯಿಂದ ಹೊರಬರುವಷ್ಟು ನೀರು ಹಾಕಿ. ಆಮೇಲೆ ಮತ್ತೆ ಮೇಲೆ ಒಣಗುವ ತನಕ ಮುಟ್ಟಬೇಡಿ. ದಿನ ಎಣಿಸಬೇಡಿ, ಬೆರಳು ಇಟ್ಟು ನೋಡಿ. ತೂಗು ಕುಂಡ ಎತ್ತರದಲ್ಲಿದ್ದು ಬೆರಳು ಎಟುಕದಿದ್ದರೆ ಕೆಳಗಿನಿಂದ ಸ್ವಲ್ಪ ಎತ್ತಿ ನೋಡಿ, ಹಗುರ ಅನ್ನಿಸಿದರೆ ನೀರು ಬೇಕು.

ಬೇರುಬಿಳಲು:
ಕಿಟಕಿಗಿಡ ಅವರೇ, ಇವೆರಡೂ ಒಂದೇ ಸಂಸಾರದ ಗಿಡ ಆದರೂ ಸ್ವಭಾವ ಬೇರೆ. ಐವಿಯ ಶಾಸ್ತ್ರೀಯ ಹೆಸರು ಪೆಲಾರ್ಗೋನಿಯಂ ಪೆಲ್ಟೇಟಂ. ಊರು ದಕ್ಷಿಣ ಆಫ್ರಿಕಾ, ಕೇಪ್ ಕಡೆ. 1700ರಲ್ಲೇ ಅಲ್ಲಿಂದ ಹಾಲೆಂಡಿಗೆ ಹೋಗಿತ್ತು. ಕಾಡಿನಲ್ಲಿ ಇದು ನೆಲದ ಮೇಲೆ ಒಂಟಿಯಾಗಿ ನಿಂತಿರುವುದಿಲ್ಲ. ಪೊದೆಗಳ ನಡುವೆ ಬೇರು ಬಿಟ್ಟು, ಪಕ್ಕದ ಗಿಡಗಳ ಮೇಲೆ ಒರಗಿಕೊಂಡು ಹತ್ತುತ್ತದೆ. ಅಂದರೆ ಬುಡ ನೆರಳಲ್ಲಿ, ತಂಪಲ್ಲಿ. ತುದಿ ಬೆಳಕಲ್ಲಿ. ಎಲೆ ದಪ್ಪ, ಮೇಲೆ ಮೇಣದ ಹೊಳಪು, ಒಳಗೆ ಸ್ವಲ್ಪ ನೀರು ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ದಿನ ನೀರು ತಪ್ಪಿದರೆ ಸಾಯುವುದಿಲ್ಲ.

ನಾವು ಮಾಡುವುದು ಇದರ ಉಲ್ಟಾ. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಹಾಕಿ ಮಧ್ಯಾಹ್ನದ ಬಿಸಿಲು ನೇರ ಕುಂಡಕ್ಕೆ ಬೀಳುವ ಹಾಗೆ ಕಂಬಿಗೆ ನೇತುಹಾಕುತ್ತೇವೆ. ಬೇರು ಬೇಯುತ್ತದೆ, ಎಲೆ ಬಾಡುತ್ತದೆ, ಬಾಡಿತು ಅಂತ ನೀರು ಸುರಿಯುತ್ತೇವೆ. ನನ್ನ ಲೆಕ್ಕದಲ್ಲಿ ಈ ಗಿಡದ ಅರ್ಧಕ್ಕಿಂತ ಜಾಸ್ತಿ ತೊಂದರೆ ಶುರುವಾಗುವುದು ಬೇರಿನ ಹತ್ತಿರ, ಕಾಣುವುದು ಮಾತ್ರ ಎಲೆಯಲ್ಲಿ. ತಿಳಿ ಬಣ್ಣದ ಕುಂಡ ಇಡಿ. ಇಲ್ಲದಿದ್ದರೆ ಕಂಬಿಯ ಒಳಮುಖಕ್ಕೆ ಸಿಕ್ಕಿಸಿ, ಬಳ್ಳಿ ಮಾತ್ರ ಹೊರಗೆ ಇಳಿಯಲಿ. ಒಂದು ಕುಂಡದೊಳಗೆ ಇನ್ನೊಂದು ಕುಂಡ ಇಡುವುದೂ ಒಳ್ಳೆಯ ಉಪಾಯ, ನಡುವಿನ ಗಾಳಿ ಬಿಸಿ ತಡೆಯುತ್ತದೆ. ಹೊರಗಿನ ಕುಂಡದಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಂಡರೆ ಆಯಿತು.

ಎರಡನೇಮಹಡಿ:
ಬಿಸಿಲು ಎಷ್ಟು ಬೇಕು ಅಂತ ಯಾರಾದರೂ ಸರಿಯಾಗಿ ಹೇಳಿ. ಒಬ್ಬರು ಪೂರ್ತಿ ಬಿಸಿಲು ಅಂತಾರೆ, ಇನ್ನೊಬ್ಬರು ನೆರಳು ಅಂತಾರೆ. ನನಗೆ ತಲೆ ಕೆಟ್ಟಿದೆ.

ಹಳೇಕುಂಡ:
ಇಬ್ಬರೂ ತಮ್ಮ ತಮ್ಮ ಬಾಲ್ಕನಿ ನೋಡಿಕೊಂಡು ಹೇಳುತ್ತಿದ್ದಾರೆ, ಅಷ್ಟೇ. ಬೇಸಿಗೆಯಲ್ಲೂ ತಂಪಾಗಿರುವ ಜಾಗದಲ್ಲಿ ದಿನವಿಡೀ ಬಿಸಿಲು ಕೊಡಬಹುದು. ಆಲ್ಪ್ಸ್ ಬೆಟ್ಟಗಳ ಕಡೆ ಮರದ ಮನೆಗಳ ಬಾಲ್ಕನಿಯಿಂದ ಕೆಂಪು, ಗುಲಾಬಿ ಹೂ ಸುರಿಯುವ ಚಿತ್ರಗಳು ನೋಡಿರುತ್ತೀರಲ್ಲ, ಅದು ಇದೇ ಗಿಡ. ಅಲ್ಲಿ ಹಗಲು ಉದ್ದ, ರಾತ್ರಿ ತಂಪು. 30 ಡಿಗ್ರಿ ದಾಟುವ ಜಾಗದಲ್ಲಿ ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಸಾಕು, ಮಧ್ಯಾಹ್ನ ನೆರಳು ಬೇಕೇ ಬೇಕು. ಪೂರ್ತಿ ನೆರಳಲ್ಲಿ ಇಟ್ಟರೆ ಬದುಕುತ್ತದೆ, ಆದರೆ ಗೆಣ್ಣು ಗೆಣ್ಣಿನ ನಡುವೆ ಅಂತರ ಜಾಸ್ತಿಯಾಗಿ ದಂಟು ಸುಮ್ನೆ ಉದ್ದ ಹೋಗುತ್ತದೆ, ಹೂ ಬರುವುದಿಲ್ಲ. ಬಳ್ಳಿ ಅವರ ಬೋಳು ದಂಟಿಗೆ ಅರ್ಧ ಕಾರಣ ಇದೇ ಇರಬೇಕು.

ಒಳಗಿದ್ದ ಗಿಡವನ್ನು ಒಂದೇ ದಿನ ಬಿಸಿಲಿಗೆ ತಳ್ಳಬೇಡಿ. ಒಂದು ವಾರ ಹತ್ತು ದಿನ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿ, ಇಲ್ಲಾಂದ್ರೆ ಎಲೆ ಸುಟ್ಟು ಬಿಳಿಯಾಗುತ್ತದೆ.

ತೂಗುಬುಟ್ಟಿ:
ನಮ್ಮಲ್ಲಿ ಸೆಕೆ ಜಾಸ್ತಿ. ಬಿರುಬೇಸಿಗೆಯಲ್ಲಿ ಹೂ ಪೂರ್ತಿ ನಿಂತುಹೋಗುತ್ತದೆ, ಗಿಡ ಮಾತ್ರ ಹಸಿರಾಗಿರುತ್ತದೆ. ಗೊಬ್ಬರ ಜಾಸ್ತಿ ಹಾಕಿದರೂ ಏನೂ ಪ್ರಯೋಜನವಿಲ್ಲ. ಇದಕ್ಕೆ ಪರಿಹಾರ ಇದೆಯಾ?

ಬೇರುಬಿಳಲು:
ಸೆಕೆಯಲ್ಲಿ ಹೂ ನಿಲ್ಲುವುದು ಸಹಜ. ಆಗ ಗೊಬ್ಬರ ಜಾಸ್ತಿ ಮಾಡಬೇಡಿ, ಕಮ್ಮಿ ಮಾಡಿ. ಬಳಸದ ಗೊಬ್ಬರ ಉಪ್ಪಾಗಿ ಮಣ್ಣಲ್ಲಿ ಕೂತು ಎಲೆಯ ಅಂಚು ಸುಡುತ್ತದೆ. ನೆರಳಿಗೆ ಸರಿಸಿ, ತುದಿ ಸ್ವಲ್ಪ ಕತ್ತರಿಸಿ, ತಂಪು ಬರುವವರೆಗೆ ಬಿಟ್ಟುಬಿಡಿ. ತಾನಾಗಿಯೇ ಮತ್ತೆ ಮೊಗ್ಗು ಬಿಡುತ್ತದೆ.

ಹೊಸದಾಗಿ ಕೊಳ್ಳುವುದಾದರೆ ತಳಿ ನೋಡಿ ಕೊಳ್ಳಿ. ಐವಿ ಮತ್ತು ನೆಟ್ಟಗಿನ ಜಾತಿಯನ್ನು ಸೇರಿಸಿ ಮಾಡಿದ ಮಿಶ್ರತಳಿಗಳಿವೆ, ಕ್ಯಾಲಿಯೆಂಟೆ ಅಂಥದ್ದೇ ಒಂದು. ಅವು ಪೂರ್ತಿ ಇಳಿಬೀಳುವುದಿಲ್ಲ, ಅರ್ಧ ಗುಂಡಗೆ ಅರ್ಧ ಜೋತು ಬೆಳೆಯುತ್ತವೆ, ಆದರೆ ಬಿಸಿ ಚೆನ್ನಾಗಿ ತಡೆಯುತ್ತವೆ. ಪೂರ್ತಿ ಇಳಿಬೀಳುವುದೇ ಬೇಕು ಅಂದರೆ ಒಂಟಿ ಸುತ್ತಿನ ಹೂವಿನ ಬಾಲ್ಕನಿ ತಳಿಗಳನ್ನು ಹುಡುಕಿ. ದಳ ಸಣ್ಣ, ಒಂದೊಂದೇ ಹೂ ನೋಡಿದರೆ ಏನೂ ವಿಶೇಷ ಇಲ್ಲ. ಆದರೆ ಲೆಕ್ಕವಿಲ್ಲದಷ್ಟು ಬಿಡುತ್ತದೆ, ಬಾಡಿದ್ದು ತಾನೇ ಉದುರುತ್ತದೆ. ವಿಲ್ ದ ಪ್ಯಾರಿ ಅನ್ನುವುದು ಈ ಗುಂಪಿನ ಹಳೇ ಹೆಸರು.

ಕಿಟಕಿಗಿಡ:
ಒಂಟಿ ಸುತ್ತು ನನಗೆ ಇಷ್ಟವಿಲ್ಲ. ಗುಲಾಬಿ ಮೊಗ್ಗಿನ ತರ ತುಂಬು ದಳ ಇರಬೇಕು ಜೆರೇನಿಯಂ ಅಂದರೆ.

ತೂಗುಬುಟ್ಟಿ:
ಮಳೆ ಬೀಳುವ ಬಾಲ್ಕನಿಯಲ್ಲಿ ಆ ತುಂಬು ದಳದ್ದು ಇಟ್ಟು ನೋಡಿ. ನೀರು ಕುಡಿದು ಗೊಂಚಲು ಒಟ್ಟಿಗೆ ಅಂಟಿಕೊಂಡು ಕಂದು ಮುದ್ದೆಯಾಗುತ್ತದೆ, ಅದರ ಮೇಲೆ ಬೂದು ಬೂಷ್ಟು. ದಿನಾ ಕೂತು ಬಿಡಿಸಬೇಕು. ಮಳೆ ತಾಗದ ಸೂರಿನ ಅಡಿಯಲ್ಲಾದರೆ ನೀವು ಹೇಳಿದ್ದು ಸರಿ, ಚಂದವೇ.

ಕಿಟಕಿಗಿಡ:
ಸೂರಿನ ಅಡಿಯಲ್ಲೇ ಇಟ್ಟಿರುವುದು. ಬಾಡಿದ ಗೊಂಚಲನ್ನು ನಾನು ಕತ್ತರಿಯಿಂದ ತೆಗೆಯುವುದಿಲ್ಲ. ತೊಟ್ಟು ದಂಟಿಗೆ ಸೇರುವ ಜಾಗದಲ್ಲಿ ಬೆರಳಿಂದ ಪಕ್ಕಕ್ಕೆ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ, ಮೋಟು ಉಳಿಯುವುದಿಲ್ಲ. ಇಷ್ಟಪಟ್ಟರೆ ಲೆಲೆಗಾಂತ್ ಅನ್ನುವ ತಳಿಯನ್ನೂ ಹುಡುಕಿ. ಎಲೆಗೆ ಬಿಳಿ ಅಂಚು. ಸ್ವಲ್ಪ ಒಣಗಿಸಿ ಬೆಳೆಸಿದರೆ ಆ ಅಂಚು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೂ ಇಲ್ಲದಿದ್ದರೂ ನೋಡಬಹುದು.

ಬಾಲ್ಕನಿಬಳ್ಳಿ:
ಎಲ್ಲರಿಗೂ ಥ್ಯಾಂಕ್ಸ್. ಸಂಜೆ ನೀರು ನಿಲ್ಲಿಸಿದ್ದೇನೆ. ಇನ್ನೆರಡು ಪ್ರಶ್ನೆ. ಬೋಳು ದಂಟುಗಳನ್ನು ಬುಡದ ತನಕ ಕತ್ತರಿಸಿಬಿಡಲಾ? ಮತ್ತೆ ಮಣ್ಣು ಬದಲಿಸಬೇಕಾ? ಈಗಿರುವುದು ತೋಟದ ಮಣ್ಣು ಜಾಸ್ತಿ, ಎರೆಗೊಬ್ಬರ ಸ್ವಲ್ಪ. ಕುಂಡದ ತಳದಲ್ಲಿ ನೀರು ಬಸಿಯಲಿ ಅಂತ ಜಲ್ಲಿಕಲ್ಲು ಹಾಕಿದ್ದೇನೆ.

ಮಣ್ಣಿನಕೈ:
ಮಣ್ಣಿನ ಮಾತು ಬಂತು, ನಾನು ಬಂದೆ. ತೋಟದ ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಕೂರುತ್ತದೆ, ಗಾಳಿ ಹೋಗುವುದಿಲ್ಲ. ಬದಲಿಸಿ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅರ್ಧ ಭಾಗ. ಉಳಿದ ಅರ್ಧದಲ್ಲಿ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ಪಾಲು. ತೂಗು ಕುಂಡಕ್ಕೆ ಮರಳು ಬೇಡ, ಭಾರ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಒಂದೆರಡು ಸಲ ನೀರು ಬದಲಿಸಿ ತೊಳೆಯಿರಿ, ಕೆಲವದರಲ್ಲಿ ಉಪ್ಪಿನಂಶ ಇರುತ್ತದೆ.

ಆ ಜಲ್ಲಿಕಲ್ಲು ತೆಗೆಯಿರಿ. ಎಲ್ಲರೂ ಹಾಕುತ್ತಾರೆ, ಎಲ್ಲರೂ ಹೇಳುತ್ತಾರೆ, ಆದರೆ ಅದರಿಂದ ನೀರು ಬೇಗ ಬಸಿಯುವುದಿಲ್ಲ. ಸಣ್ಣ ರಂಧ್ರದ ಮಣ್ಣಿನಿಂದ ದೊಡ್ಡ ರಂಧ್ರದ ಕಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ತೊಯ್ದ ಮೇಲೆಯೇ ಇಳಿಯುವುದು. ಹಾಗಾಗಿ ಕುಂಡದ ತಳದಲ್ಲಿ ಇರಬೇಕಾದ ಒದ್ದೆ ಪದರ ಕಲ್ಲಿನ ಮೇಲೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ. ತೂತು ಮುಚ್ಚದ ಹಾಗೆ ಒಂದು ಬಲೆ ತುಂಡು ಅಥವಾ ಓಡಿನ ಚೂರು ಸಾಕು.

ಸೋಂಬೇರಿತೋಟ:
ಅಯ್ಯೋ, ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಕಲ್ಲು ಹಾಕುತ್ತಾ ಬಂದಿದ್ದೇವೆ. ಗಿಡಗಳೂ ಬದುಕಿವೆ.

ಮಣ್ಣಿನಕೈ:
ಬದುಕುತ್ತವೆ. ಆಳದ ಕುಂಡ, ಗಟ್ಟಿ ಗಿಡ ಆದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಉದ್ದ ಕುಂಡದ ಆಳ ಇರುವುದೇ ಒಂದು ಗೇಣು. ಅದರಲ್ಲಿ ಮೂರು ಬೆರಳು ಕಲ್ಲಿಗೆ ಕೊಟ್ಟರೆ ಬೇರಿಗೆ ಉಳಿಯುವುದೆಷ್ಟು? ದೊಡ್ಡ ಕುಂಡ ಒಳ್ಳೆಯದು ಅಂತ ಸಣ್ಣ ಗಿಡವನ್ನು ಭಾರೀ ಕುಂಡಕ್ಕೆ ಹಾಕುವುದೂ ಬೇಡ, ಬೇರು ತಲುಪದ ಮಣ್ಣು ಸದಾ ಒದ್ದೆ ಇರುತ್ತದೆ. 60 ಸೆಂಟಿಮೀಟರ್ ಉದ್ದದ ಕುಂಡಕ್ಕೆ ಮೂರು ಗಿಡ, 30 ಸೆಂಟಿಮೀಟರ್ ಅಗಲದ ತೂಗು ಕುಂಡಕ್ಕೆ ಮೂರು. ಅದಕ್ಕಿಂತ ಒತ್ತಾಗಿ ಇಟ್ಟರೆ ನಡುವೆ ಗಾಳಿ ಆಡುವುದಿಲ್ಲ.

ಹಳೇಕುಂಡ:
ಬಳ್ಳಿ ಅವರೇ, ಕತ್ತರಿಸುವ ವಿಷಯ. ಬುಡದ ತನಕ ಬೇಡ. ಹಸಿರು ಎಲೆಯೇ ಇಲ್ಲದ ಹಳೇ ಕಟ್ಟಿಗೆ ದಂಟು ಮತ್ತೆ ಚಿಗುರುವುದು ಅನುಮಾನ. ಪ್ರತಿ ದಂಟಿನಲ್ಲೂ ಒಂದೆರಡು ಎಲೆಯೋ ಜೀವ ಇರುವ ಗೆಣ್ಣೋ ಉಳಿಯುವ ಹಾಗೆ, ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಒಂದೇ ದಿನ ಎಲ್ಲವನ್ನೂ ಬೋಳಿಸಬೇಡಿ. ಮೂರರಲ್ಲಿ ಒಂದು ಭಾಗ ಈಗ ಕತ್ತರಿಸಿ, ಅವು ಚಿಗುರಿದ ಮೇಲೆ ಉಳಿದವು. ಹೀಗೆ ಮಾಡಿದರೆ ಬಾಲ್ಕನಿಯೂ ಖಾಲಿ ಕಾಣುವುದಿಲ್ಲ. ಮಣ್ಣು ಬದಲಿಸುವುದು, ಕತ್ತರಿಸುವುದು ಎರಡನ್ನೂ ಒಂದೇ ವಾರ ಮಾಡಬೇಡಿ, ಗಿಡಕ್ಕೆ ಎರಡೆರಡು ಪೆಟ್ಟು. ಮೊದಲು ಮಣ್ಣು. ಹೊಸ ಚಿಗುರು ಕಂಡ ಮೇಲೆ ಕತ್ತರಿ.

ಎಳೆ ಗಿಡದಲ್ಲೇ ತುದಿ ಚಿವುಟುತ್ತಾ ಬಂದರೆ ಈ ಬೋಳು ಬರುವುದೇ ಕಮ್ಮಿ. ದಂಟು ಒಂದು ಗೇಣು ಆದಾಗ ತುದಿ ಚಿವುಟಿ, ಪಕ್ಕದ ಕೊಂಬೆ ಬಂದ ಮೇಲೆ ಅವನ್ನೂ ಒಮ್ಮೆ. ಮೊದಲ ಹೂ ಕೆಲವು ವಾರ ತಡವಾಗುತ್ತದೆ. ಎಷ್ಟೋ ಜನಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ, ಮೊಗ್ಗು ಕಂಡ ಕೂಡಲೇ ಕೈ ಹಿಂದೆ ಹೋಗುತ್ತದೆ.

ಎರಡನೇಮಹಡಿ:
ಕತ್ತರಿಸಿದ ತುಂಡು ಎಸೆಯಬೇಡಿ ಅಲ್ವಾ? ಅದರಿಂದಲೇ ಹೊಸ ಗಿಡ ಆಗುತ್ತದೆ ಅಂತ ಕೇಳಿದ್ದೇನೆ. ನಾನು ಲೋಟದ ನೀರಲ್ಲಿ ಇಟ್ಟಾಗ ಎಲ್ಲ ಕೊಳೆತವು.

ಬೇರುಬಿಳಲು:
ನೀರಲ್ಲಿ ಕೆಲವು ಬೇರು ಬಿಡುತ್ತವೆ, ಆದರೆ ಜಾಸ್ತಿ ಕೊಳೆಯುತ್ತವೆ. ಇದು ಅರ್ಧ ರಸಭರಿತ ಗಿಡ. ಹೀಗೆ ಮಾಡಿ. ಹೂ, ಮೊಗ್ಗು ಇಲ್ಲದ ತುದಿ, 8 ರಿಂದ 10 ಸೆಂಟಿಮೀಟರ್, ಗೆಣ್ಣಿನ ಸರೀ ಕೆಳಗೆ ಕತ್ತರಿಸಿದ್ದು. ಕೆಳಗಿನ ಎಲೆಗಳು ಮತ್ತು ಗೆಣ್ಣಿನ ಹತ್ತಿರದ ಪುಟ್ಟ ಪೊರೆಯಂಥ ಎಲೆಚೂರುಗಳನ್ನು ತೆಗೆಯಿರಿ, ಕೊಳೆ ಅಲ್ಲಿಂದಲೇ ಶುರುವಾಗುವುದು. ಕೆಲವು ಗಂಟೆ ನೆರಳಲ್ಲಿ ಬಿಡಿ, ಗಾಯ ಒಣಗಲಿ. ಕೋಕೋಪೀಟ್ ಪರ್ಲೈಟ್ ಸಮಪಾಲು ಮಾಡಿ ಅದರಲ್ಲಿ ನೆಡಿ. ಒಮ್ಮೆ ನೀರು ಕೊಟ್ಟು ಆಮೇಲೆ ಬರೀ ತೇವ ಇರುವಷ್ಟು. ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ. ಬೇರೆ ಕಟಿಂಗ್‌ಗಳಿಗೆ ಅದು ಸರಿ, ಇದಕ್ಕೆ ಒಳಗಿನ ತೇವವೇ ಶತ್ರು. ಬೇರು ಬರಿಸುವ ಪುಡಿಯೂ ಬೇಕಾಗಿಲ್ಲ. 20 ಡಿಗ್ರಿ ಆಸುಪಾಸಿನಲ್ಲಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಹಿಡಿಯುತ್ತದೆ. ಮಧ್ಯೆ ಮಧ್ಯೆ ಎಳೆದು ನೋಡುವ ಚಟ ಬಿಡಿ. ತುದಿಯಲ್ಲಿ ಹೊಸ ಎಲೆ ಬಂದರೆ ಬೇರು ಬಂದಿದೆ.

ನುಸಿಬೇಟೆ:
ಕಟಿಂಗ್ ತೆಗೆಯುವಾಗ ಬ್ಲೇಡನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ. ಇದು ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿರುವುದಲ್ಲ. ಜೆರೇನಿಯಂಗೆ ಕ್ಸ್ಯಾಂಥೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಬರುತ್ತದೆ. ನೆಟ್ಟಗಿನ ಜಾತಿಯಲ್ಲಿ ಅದು ಎದ್ದು ಕಾಣುತ್ತದೆ: ಎಲೆಯ ಅಂಚಿನಿಂದ ತ್ರಿಕೋನಾಕಾರದಲ್ಲಿ ಹಳದಿ, ಆಮೇಲೆ ಗಿಡವೇ ಬಾಡಿ ದಂಟು ಕಪ್ಪಾಗುತ್ತದೆ. ಐವಿಯಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಗೊಬ್ಬರ ಕಮ್ಮಿಯಾಗಿದೆಯೋ ನುಸಿ ಬಿದ್ದಿದೆಯೋ ಅನ್ನುವ ಹಾಗೆ ಸೊರಗಿಕೊಂಡು ಇರುತ್ತದೆ, ಆದರೆ ಒಳಗೆ ರೋಗ ಇಟ್ಟುಕೊಂಡಿರುತ್ತದೆ. ಅದಕ್ಕೇ ಹೇಳುವುದು, ನೆಟ್ಟಗಿನ ಜೆರೇನಿಯಂ ಕುಂಡಗಳ ಸರೀ ಮೇಲೆ ಐವಿ ತೂಗು ಕುಂಡ ಕಟ್ಟಬೇಡಿ. ಮೇಲಿನಿಂದ ತೊಟ್ಟಿಕ್ಕುವ ನೀರಿನಲ್ಲೇ ಇಳಿಯುತ್ತದೆ. ಈ ರೋಗಕ್ಕೆ ಔಷಧಿ ಇಲ್ಲ. ಬಂದ ಗಿಡವನ್ನು ಮಣ್ಣು ಸಮೇತ ತೆಗೆದು ಬಿಸಾಕಬೇಕು, ಕಾಂಪೋಸ್ಟ್ ಗುಂಡಿಗೂ ಹಾಕಬಾರದು.

ಸಮಾಧಾನದ ವಿಷಯ ಅಂದರೆ ನೆಟ್ಟಗಿನ ಜಾತಿಯನ್ನು ಕಾಡುವ ತುಕ್ಕು ರೋಗ ಐವಿಗೆ ಸಾಮಾನ್ಯವಾಗಿ ಅಂಟುವುದಿಲ್ಲ.

ಕಿಟಕಿಗಿಡ:
ನನ್ನದು ಸರೀ ಹಾಗೇ ಇದೆ, ಮೇಲೆ ಐವಿ ಕೆಳಗೆ ನೆಟ್ಟಗಿನದು. ಇವತ್ತೇ ಸರಿಸುತ್ತೇನೆ.

ತೂಗುಬುಟ್ಟಿ:
ಮೊಗ್ಗಿನಲ್ಲಿ ತೂತು ಇದ್ದು ಒಳಗೆ ಖಾಲಿ ಇದ್ದರೆ ಏನು? ಹೂ ಅರಳುವ ಮೊದಲೇ ಉದುರುತ್ತಿದೆ.

ನುಸಿಬೇಟೆ:
ಹುಳು. ಪತಂಗದ ಮರಿಹುಳು ಮೊಗ್ಗು ಕೊರೆದು ತಿನ್ನುತ್ತದೆ. ಸುತ್ತಮುತ್ತ ಕಪ್ಪು ಹಿಕ್ಕೆ ಕಾಣಿಸಬೇಕು. ಸಂಜೆ ಟಾರ್ಚ್ ಹಿಡಿದು ಹುಡುಕಿ, ಕೈಯಲ್ಲೇ ತೆಗೆಯಬಹುದು. ತುಂಬಾ ಇದ್ದರೆ ಬಿಟಿ (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ) ಸಿಂಪಡಣೆ, ಹುಳು ಇನ್ನೂ ಎಳೆಯದಾಗಿರುವಾಗ ಹೊಡೆದರೆ ಮಾತ್ರ ಕೆಲಸ ಮಾಡುತ್ತದೆ. ಮೊಗ್ಗಿನ ಒಳಗೆ ಹೊಕ್ಕ ಮೇಲೆ ಏನು ಹೊಡೆದರೂ ಅದಕ್ಕೆ ತಾಗುವುದಿಲ್ಲ. ತೂತು ಬಿದ್ದ ಮೊಗ್ಗುಗಳನ್ನು ಕಿತ್ತು ಹಾಕಿ.

ಬಾಲ್ಕನಿಬಳ್ಳಿ:
ಗೊಬ್ಬರದ ಬಗ್ಗೆ ಯಾರೂ ಹೇಳಲಿಲ್ಲ. ಎಳೆ ಎಲೆಗಳು ಹಳದಿ, ನರ ಮಾತ್ರ ಹಸಿರು ಇರುವ ಗಿಡವೂ ಒಂದಿದೆ. ಎಪ್ಸಂ ಉಪ್ಪು ಹಾಕಿ ಅಂತ ಒಬ್ಬರು ಹೇಳಿದರು.

ಮಣ್ಣಿನಕೈ:
ಎಳೆ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣ ಸಿಗುತ್ತಿಲ್ಲ. ಎಪ್ಸಂನಲ್ಲಿ ಇರುವುದು ಮೆಗ್ನೀಸಿಯಂ. ಅದು ಕಮ್ಮಿಯಾದರೆ ಹಳೇ ಎಲೆ ಮೊದಲು ಹಳದಿಯಾಗುತ್ತದೆ. ಹಾಗಾಗಿ ನಿಮ್ಮ ಗಿಡಕ್ಕೆ ಎಪ್ಸಂ ಹಾಕಿ ಏನೂ ಲಾಭವಿಲ್ಲ. ಮಣ್ಣಲ್ಲಿ ಕಬ್ಬಿಣ ಇದ್ದರೂ ಪಿಎಚ್ (ಹುಳಿ, ಕ್ಷಾರದ ಅಳತೆ; ಕಮ್ಮಿ ಇದ್ದಷ್ಟೂ ಹುಳಿ) ಜಾಸ್ತಿ ಇದ್ದರೆ ಬೇರು ಎಳೆದುಕೊಳ್ಳಲಾರದು. ಗಡಸು ನೀರು ಹಾಕುತ್ತಾ ಹೋದರೆ ಪಿಎಚ್ ಏರುತ್ತದೆ. ಐವಿಗೆ ಸ್ವಲ್ಪ ಹುಳಿ ಮಣ್ಣು ಬೇಕು, 6ರ ಆಸುಪಾಸು ಇದ್ದರೆ ಸರಿ. ಮಳೆನೀರು ಹಿಡಿದಿಟ್ಟರೆ ಅದನ್ನೇ ಹಾಕಿ. ತಕ್ಷಣಕ್ಕೆ ಚೀಲೇಟೆಡ್ ಕಬ್ಬಿಣ, ಅಂದರೆ ಬೇರು ಸುಲಭವಾಗಿ ಎಳೆದುಕೊಳ್ಳುವ ರೂಪದ್ದು, ಡಬ್ಬಿಯಲ್ಲಿ ಬರೆದ ಪ್ರಮಾಣದಲ್ಲಿ. ಬೇರು ಕೊಳೆತಿದ್ದರೂ ಹೀಗೇ ಕಾಣುತ್ತದೆ, ಆದ್ದರಿಂದ ಮಣ್ಣು ಬದಲಿಸುವಾಗ ಬೇರಿನ ಬಣ್ಣ ನೋಡಿ. ಬಿಳಿ ಇದ್ದರೆ ಚೆನ್ನಾಗಿದೆ. ಕಂದು ಮೆತ್ತಗೆ ಇದ್ದು ಮುಟ್ಟಿದರೆ ಸಿಪ್ಪೆ ಕಳಚಿ ಬಂದರೆ ಕೊಳೆತಿದೆ.

ಮಾಮೂಲಿ ಗೊಬ್ಬರ: ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು ಇರುವುದು), ಲೀಟರಿಗೆ ಒಂದು ಗ್ರಾಂ, ಎರಡು ವಾರಕ್ಕೊಮ್ಮೆ. ಮೊಗ್ಗು ಶುರುವಾದ ಮೇಲೆ ಪೊಟ್ಯಾಶ್ ಜಾಸ್ತಿ ಇರುವುದಕ್ಕೆ ಬದಲಿಸಿ, ಟೊಮೆಟೊಗೆ ಹಾಕುವ ದ್ರವ ಗೊಬ್ಬರ ನಡೆಯುತ್ತದೆ. ಬರೀ ಸಾರಜನಕ ಕೊಟ್ಟರೆ ಎಲೆ ಮಾತ್ರ ದಂಡಿಯಾಗಿ ಬರುತ್ತದೆ. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ, ಮೊದಲು ಬರೀ ನೀರು.

ಬೆಕ್ಕಿನಮನೆ:
ಮಧ್ಯೆ ಬರುತ್ತಿದ್ದೇನೆ. ನಮ್ಮ ಬೆಕ್ಕು ಇಳಿಬಿದ್ದ ಬಳ್ಳಿಯ ಜೊತೆ ಆಡುತ್ತದೆ, ಆಗಾಗ ಕಚ್ಚುತ್ತದೆ. ಅಪಾಯ ಇದೆಯಾ?

ಬೇರುಬಿಳಲು:
ಪೆಲಾರ್ಗೋನಿಯಂಗಳು ಬೆಕ್ಕು, ನಾಯಿಗೆ ಒಳ್ಳೆಯದಲ್ಲ. ಜೆರೇನಿಯಾಲ್, ಲಿನಲೂಲ್ ಅನ್ನುವ ಅಂಶಗಳಿವೆ. ತಿಂದರೆ ವಾಂತಿ, ಊಟ ಬಿಡುವುದು, ಮಂಕಾಗುವುದು ಆಗಬಹುದು. ಎಟುಕದ ಎತ್ತರಕ್ಕೆ ಏರಿಸಿ. ಬಳ್ಳಿ ಒಂದು ಮೀಟರ್ ತನಕ ಇಳಿಯುತ್ತದೆ, ಅದನ್ನೂ ಲೆಕ್ಕ ಹಾಕಿಕೊಂಡು ಏರಿಸಿ. ವಾಂತಿ ಶುರುವಾದರೆ ಪಶುವೈದ್ಯರಿಗೆ ತೋರಿಸಿ, ಗಿಡದ ಹೆಸರು ಹೇಳಿ.

ಎರಡನೇಮಹಡಿ:
ಚಳಿಗಾಲದಲ್ಲಿ ಏನು ಮಾಡುತ್ತೀರಿ? ನಮ್ಮ ಕಡೆ ರಾತ್ರಿ ಸೊನ್ನೆಗೆ ಇಳಿಯುತ್ತದೆ.

ಹಳೇಕುಂಡ:
ಹಿಮ ಬಿದ್ದರೆ ಸಾಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಹುಡುಕುವಾಗ ಒಂದು ಎಚ್ಚರ: ಬರೀ ಜೆರೇನಿಯಂ ಅಂತ ಹುಡುಕಿದರೆ ಚಳಿ ತಡೆಯುವ ಇನ್ನೊಂದು ಕುಲದ ಗಿಡಗಳ ಸಲಹೆಯೂ ಸಿಗುತ್ತದೆ, ಅದನ್ನು ಇದಕ್ಕೆ ಹಚ್ಚಬೇಡಿ. ರಾತ್ರಿ 5 ಡಿಗ್ರಿ ಹತ್ತಿರ ಬಂದಾಗ ಒಳಗೆ ತನ್ನಿ. ಅರ್ಧದಷ್ಟು ಕತ್ತರಿಸಿ, ಬೆಳಕಿರುವ ತಂಪು ಜಾಗದಲ್ಲಿ, 7 ರಿಂದ 10 ಡಿಗ್ರಿ ಇದ್ದರೆ ಚೆನ್ನ, ನೀರು ತೀರಾ ಕಮ್ಮಿ, ಗೊಬ್ಬರ ಇಲ್ಲವೇ ಇಲ್ಲ. ಬೆಚ್ಚಗಿನ ಕೋಣೆಯ ಕತ್ತಲ ಮೂಲೆಯಲ್ಲಿ ಇಟ್ಟರೆ ಬಿಳಿಚಿದ ಸಣಕಲು ಚಿಗುರು ಬರುತ್ತದೆ, ಅದು ಯಾವುದಕ್ಕೂ ಬರುವುದಿಲ್ಲ. ಜಾಗ ಇಲ್ಲದಿದ್ದರೆ ದೊಡ್ಡ ಗಿಡ ಬಿಟ್ಟು ಕಟಿಂಗ್ ಮಾತ್ರ ಕಿಟಕಿಯಲ್ಲಿ ಉಳಿಸಿಕೊಳ್ಳಿ. ಹಿಮ ಬೀಳದ ಕಡೆ ಇರುವವರಿಗೆ ಈ ತಲೆನೋವೇ ಇಲ್ಲ, ವರ್ಷಗಟ್ಟಲೆ ಅದೇ ಕುಂಡದಲ್ಲಿ ಇರುತ್ತದೆ.

ಬಾಲ್ಕನಿಬಳ್ಳಿ:
ಮಣ್ಣು ಬದಲಿಸಿದೆ. ಬೇರು ಹೆಚ್ಚಿನದು ಬಿಳಿಯಾಗಿಯೇ ಇತ್ತು, ಒಂದು ಗಿಡದ್ದು ಮಾತ್ರ ಕಂದು, ಅದನ್ನು ಕಟಿಂಗ್ ಮಾಡಿ ಉಳಿದದ್ದು ಬಿಟ್ಟೆ. ತಿಳಿ ಬಣ್ಣದ ಕುಂಡ ತಂದು ಕಂಬಿಯ ಒಳಮುಖಕ್ಕೆ ಸಿಕ್ಕಿಸಿದ್ದೇನೆ. ಹೊಸ ಎಲೆಗಳ ಅಡಿ ನುಣುಪಾಗಿದೆ, ಗುಳ್ಳೆ ಇಲ್ಲ. ಗಾಳಿ ಜೋರಾಗಿ ಬೀಸಿದಾಗ ಮಾತ್ರ ಎರಡು ದಂಟು ಗೆಣ್ಣಿನಲ್ಲಿ ಮುರಿದು ಬಿದ್ದವು.

ತೂಗುಬುಟ್ಟಿ:
ಗೆಣ್ಣು ಬಹಳ ಪೆಡಸು, ಸ್ವಲ್ಪ ತಾಗಿದರೂ ಮುರಿಯುತ್ತದೆ. ಗಾಳಿಯ ಬಾಲ್ಕನಿಯಲ್ಲಿ ಉದ್ದ ದಂಟುಗಳನ್ನು ಮೆತ್ತನೆಯ ದಾರದಿಂದ ಕಂಬಿಗೆ ಸಡಿಲವಾಗಿ ಕಟ್ಟಿ. ಕೊಕ್ಕೆಯನ್ನೂ ಒಮ್ಮೆ ಅಲುಗಾಡಿಸಿ ನೋಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಒಣ ಕುಂಡ ಎತ್ತಿ ಹಗುರ ಅಂದುಕೊಂಡರೆ ನೀರು ಹಾಕಿದ ಮೇಲೆ ಲೆಕ್ಕವೇ ಬೇರೆ. ಕೆಳಗೆ ಜನ ಓಡಾಡುವ ಕಡೆ ಹೊರಮುಖಕ್ಕೆ ನೇತುಹಾಕಲೇಬೇಡಿ.

ಬಾಲ್ಕನಿಬಳ್ಳಿ:
ಒಳಮುಖಕ್ಕೇ ಇದೆ. ಮುರಿದ ಆ ಎರಡು ದಂಟು ನೆಡಬಹುದಾ? ಒಂದರಲ್ಲಿ ಮೊಗ್ಗು ಇದೆ.

ಬೇರುಬಿಳಲು:
ನೆಡಿ. ಮೊಗ್ಗು ಮಾತ್ರ ಚಿವುಟಿಬಿಡಿ.